ಹೆಬ್ಬೆರಳು

ಸೊಹಾರಿನ ಕೈಗಾರಿಕಾ ಪೇಟೆಯಲ್ಲಿ
ಕಣ್ಣಿಗೆ ಬಿಡುವ ಹನಿ ತುಂಬುವ ಕೋಣೆ.
ಅದರ ಬಾಗಿಲು ನನ್ನ ಕೆಲಸ.
ಸೆಂಟು ಹಾಕಿ ಬರಬಾರದೆಂಬ ಬೋರ್ಡಿನ ಕೆಳಗೆ
ನನ್ನ ಹೆಸರಿನ ಪಟ್ಟಿ: ಸುಗಂಧಿ.

ಒಂದು ಮುಚ್ಚದೆ ಇನ್ನೊಂದು ತೆರೆಯದ ಜೋಡಿ ಬಾಗಿಲು,
ನಡುವೆ ಮೊಣಕಾಲೆತ್ತರದ ಸ್ಟೀಲಿನ ಬೆಂಚು.
ಈಚೆ ಬೀದಿಯ ಕಾಲು, ಆಚೆ ಮುಚ್ಚಿದ ಕಾಲು.
ಕೂತು ತಿರುಗುವಾಗ
ಅಲ್ಲೂ ಇಲ್ಲದ ಇಲ್ಲೂ ಇಲ್ಲದ ಒಂದು ಗಳಿಗೆ;
ಆಗ ಯಾರೂ ಮಾತಾಡುವುದಿಲ್ಲ.

ಮೊದಲು ತಲೆ, ಆಮೇಲೆ ಮೈ, ಕೊನೆಗೆ ಕಾಲು.
ಅಂಗಿ ನೆಲಕ್ಕೆ ತಾಗಿತೋ, ಬಿಸಾಕಿ ಬೇರೆ ತೊಡು.
ರೊವೀನಾ, ಕಾಡಿಗೆ ಒರೆಸಿ ಬಾ.
ದಂಬರ್, ಸೀನು ಬಂದರೆ ಇವತ್ತು ಹೊರಗೆ ಪ್ಯಾಕಿಂಗ್.
ಸುಲೈಮಾನ್ ಸಾಹೇಬರೇ, ನೀವು ಮ್ಯಾನೇಜರೇ ಇರಬಹುದು,
ಗಡಿಯಾರ ಬಿಚ್ಚಿ.
ಮರಳು ಬೀಸಿದ ದಿನ ಕಿವಿಯ ಹಿಂದೆಯೂ ನೋಡುತ್ತೇನೆ.

"ನಮ್ಮ ಮನೆಯ ಮಡಿ ಇದ್ದ ಹಾಗೇ ಉಂಟು ಮಾರಾಯ್ತಿ"
ಎಂದು ಲ್ಯಾಬಿನ ವಾದಿರಾಜ ನಕ್ಕ, ಮೊದಲ ವಾರ.
ನಾನು ನಗಲಿಲ್ಲ. ಕೈಗವಸಿನ ಅಳತೆ ಕೇಳಿದೆ.

ಹೊರಡುವಾಗ ಎಲ್ಲರೂ ಐದೈದು ಬೆರಳು
ಅಗರ್ ತಟ್ಟೆಗೆ ಒತ್ತಬೇಕು, ಮೆತ್ತಗೆ,
ಮಗುವಿನ ಹಣೆ ಮುಟ್ಟಿ ಜ್ವರ ನೋಡಿದ ಹಾಗೆ.
ಹೆಸರು ಬರೆದು ಬೆಚ್ಚಗೆ ಇಡುತ್ತೇವೆ.
ಐದು ದಿನ. ಏನೂ ಹುಟ್ಟಬಾರದು.

ಹೋದ ಸೋಮವಾರ ಒಂದರಲ್ಲಿ ಹುಟ್ಟಿತ್ತು.
ಹೆಬ್ಬೆರಳ ಗುರುತಿನ ಪಕ್ಕ ಹಳದಿ ಚುಕ್ಕಿ ಎರಡು,
ಸಾಸಿವೆಗಿಂತ ಸಣ್ಣವು.
ತಟ್ಟೆ ತಿರುಗಿಸಿದೆ. ನನ್ನದೇ ಅಕ್ಷರ, ನನ್ನದೇ ಹೆಸರು.

ಬುಧವಾರ. ನೆನಪಾಯಿತು.
ಮುಖಗವಸು ಜಾರಿತ್ತು, ಹೆಬ್ಬೆರಳಲ್ಲಿ ಮೇಲೆ ತಳ್ಳಿದ್ದೆ.
ಯಾರೂ ನೋಡಿರಲಿಲ್ಲ.
ನೋಡಬೇಕಾದವಳು ನಾನೇ.

ಹೊಸ ತಟ್ಟೆಗಳು ಕಪಾಟಿನಲ್ಲಿದ್ದವು, ಬೀಗವೂ ಇರಲಿಲ್ಲ.
ಕಪಾಟಿನ ಮುಂದೆ ಸ್ವಲ್ಪ ಹೊತ್ತು ನಿಂತೆ, ಸುಳ್ಳು ಯಾಕೆ.
ಆಮೇಲೆ ಫಾರ್ಮು ತುಂಬಿದೆ. ಕಾರಣ, ಒಂದು ಸಾಲು.
ಮೂರು ಸಲ ತೊಟ್ಟು ತೋರಿಸಿ
ಮೂರೂ ತಟ್ಟೆ ಬರಿದಾಗಿದ್ದರೆ
ಇಪ್ಪತ್ತೆರಡನೇ ತಾರೀಕು ಮತ್ತೆ ಒಳಗೆ.

ಅಲ್ಲಿಯವರೆಗೆ ಗಾಜಿನ ಈಚೆ.

ಅಜ್ಜಿ ಅಂಗಳದಾಚೆ ನಿಂತು ಕೂಗಿ
ಎತ್ತರದಿಂದ ಬೀಳುವ ನೀರನ್ನು
ಬೊಗಸೆಯಲ್ಲಿ ಹಿಡಿದವಳು.
ಅವಳ ಬೆರಳನ್ನು ಯಾರೂ ಯಾವ ತಟ್ಟೆಗೂ ಒತ್ತಿಸಲಿಲ್ಲ.
ತಾರೀಕನ್ನೂ ಹೇಳಲಿಲ್ಲ.

ಒಳಗೆ ರೊವೀನಾ ಅಂಗಿ ತೊಡುತ್ತಿದ್ದಾಳೆ.
ತೋಳಿನ ತುದಿ ನೆಲ ಸವರಿತು.
ಗಾಜು ತಟ್ಟಿದೆ.
ನನ್ನನ್ನು ನೋಡಿದಳು,
ಬಿಚ್ಚಿದಳು, ಬೇರೆ ತೊಟ್ಟಳು.