ಮರದ್ದಲ್ಲದ ಕೊಂಬೆ

ಝುವಾರಿನಗರದ ಬಸ್‌ಸ್ಟಾಂಡಿಗೆ ಬೆನ್ನು ಮಾಡಿ
ಎಂಟಡಿ ಅಂಗಡಿ ನನ್ನದು:
ಆಧಾರ್, ಪ್ಯಾನ್, ರೈಲು ಟಿಕೆಟ್, ಝೆರಾಕ್ಸ್.
ದಾಬೋಳಿಗೆ ಇಳಿಯುವ ವಿಮಾನ ತಲೆಯ ಮೇಲೆ ಹಾದಾಗೆಲ್ಲ
ಶಟರ್ ಒಮ್ಮೆ ಹಲ್ಲು ಕಡಿಯುತ್ತದೆ.

ಸೋಮವಾರ ರೆಹಮತ್‌ಬಿ ಬಂದಳು,
ಕೈಯಲ್ಲಿ ಗಾರೆ ಮೆತ್ತಿದ ಚೀಟಿ. ಕಾರ್ಮಿಕ ಕಾರ್ಡು ಮಾಡಿಸಬೇಕು.
ಹುಡುಕಿದೆ. ಮೊದಲು ಬಂದ ಪುಟದಲ್ಲಿ
ಸಿಂಹದ ಮುದ್ರೆ ಇತ್ತು, ಮೂರು ಬಣ್ಣದ ಪಟ್ಟಿ ಇತ್ತು,
ಏಳುನೂರೈವತ್ತು ರೂಪಾಯಿ ಕೇಳುವ ಡಬ್ಬಿಯೂ ಇತ್ತು.
ಕಟ್ಟಿದಳು. ಕಟ್ಟಿಸಿದೆ, ಅನ್ನಬೇಕು.
ರಸೀದಿ ಬರಲಿಲ್ಲ. ಬಂದದ್ದು
ಮಂಡಿನೋವಿನ ಎಣ್ಣೆಯ ಜಾಹೀರಾತು,
ಅದರ ಬೆನ್ನಿಗೆ ರಮ್ಮಿ.

ಗಲ್ಲಾಪೆಟ್ಟಿಗೆಯಿಂದ ಎಣಿಸಿ ಕೊಟ್ಟೆ, ಅವಳು ಬೇಡವೆಂದರೂ.
ರಾತ್ರಿ ಅರ್ಧ ಶಟರ್ ಇಳಿಸಿ
ಹೊಡೆಯುವ ಮುಖ ಮಾಡಿಕೊಂಡು ಮೌಲಾಲಿಯನ್ನು ಕರೆದೆ.
"ಏನೇನ್ ತುಂಬೀದಿ ಇದರಾಗ?"
"ಜಾಸ್ತಿ ಏನಿಲ್ಲಕ್ಕಾ, ಕ್ರಿಕೆಟಿಂದೊಂದು... ಕೂಪನ್ನಿಂದೊಂದು..."
ತಂಗಿಗೆ ಚಪ್ಪಲಿ ತರಿಸುವಾಗ
ನಲವತ್ತು ರೂಪಾಯಿ ಉಳಿಯುತ್ತದೆ ಅಂದಿತ್ತಂತೆ.
ಉಳಿಯಿತೇನೋ ಅಂದರೆ, ಇಲ್ಲ.

ಮೇಲೆ ಬಲಮೂಲೆಯಲ್ಲಿ ಒಗಟಿನ ತುಂಡಿನಂಥ ಗುರುತು.
ಇಷ್ಟು ದಿನ ಅದನ್ನು ಅಲಂಕಾರ ಅಂದುಕೊಂಡಿದ್ದೆ.
ಒತ್ತಿದರೆ ಒಳಗೆ ಹನ್ನೊಂದು ಜನ ವಾಸ!
ಹವಾಮಾನ ಹೇಳುವವನು, ಪರದೆ ಚಂದ ಮಾಡುವವನು,
ಹೆಸರೇ ಇಲ್ಲದೆ ಬೂದು ಚೌಕದಲ್ಲಿ ಕೂತವನು.
ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ:
ಗಾದೆ ನಮ್ಮದೇ, ಬಂದು ಕೂತವರದಲ್ಲ.
ಒಬ್ಬೊಬ್ಬನ ಕೆಳಗೂ ಒಂದೇ ಸಾಲು,
ನೀವು ತೆರೆಯುವ ಎಲ್ಲ ಪುಟಗಳನ್ನೂ ಓದಬಲ್ಲ, ಬದಲಿಸಬಲ್ಲ.
ಹವಾಮಾನದವನಿಗೆ
ರೆಹಮತ್‌ಬಿಯ ಬ್ಯಾಂಕ್ ಪುಟದಲ್ಲಿ ಏನು ಮಳೆ?

ತೆಗೆದೆ. ತೆಗೆದೆ. ಹತ್ತು ಹೋದವು.
ಒಬ್ಬ ಮಾತ್ರ ಹೋಗಲೊಲ್ಲ.
'ತೆಗೆ' ಅನ್ನುವ ಗುಂಡಿಯೇ ಮಸುಕು,
ಮಾಲೀಕರ ಅಪ್ಪಣೆಯಿಂದ ಹಾಕಲಾಗಿದೆ, ಅನ್ನುತ್ತದೆ.
ಮಾಲೀಕಳು ಇಲ್ಲೇ ಸ್ಟೂಲಿನ ಮೇಲೆ ಕೂತಿದ್ದೇನಲ್ಲೋ!

ಬಾಡಿಗೆ ಮನೆಯ ಎಸ್ಪೆರಾನ್ಸಾ ಬಾಯಿ
ಅಂಗಳದ ಮಾವಿಗೆ ಬದನಿಕೆ ಹತ್ತಿದಾಗ
ಏಣಿ ಹಾಕಿಸಿ ಕೆಳಗೆ ನಿಂತು ಕೂಗುತ್ತಿದ್ದಳು:
ಎಲೆ ಸವರಬೇಡ, ಅದು ಮರದೊಳಗೆ ಬೇರು ಬಿಟ್ಟಿದೆ,
ಒಂದು ಮೊಳ ಕೆಳಗೆ ಕಡಿ.
ದೂರದಿಂದ ನೋಡಿದರೆ ಅದೂ ಮರದ ಕೊಂಬೆಯೇ,
ಹಸಿರು ಒಂದು ಕೈ ಹೆಚ್ಚೇ.

ಒಂದು ಮೊಳ ಕೆಳಗೆ ಇಳಿದೆ.
ಕಂಟ್ರೋಲ್ ಪ್ಯಾನೆಲ್, ಪ್ರೋಗ್ರಾಮುಗಳ ಪಟ್ಟಿ.
ಅಲ್ಲಿತ್ತು ಬೇರು:
ಪಿಡಿಎಫ್ ಬಿಚ್ಚಿಕೊಡುವ ಒಂದು ಪುಕ್ಕಟೆ ಸಾಮಾನು,
ಪಕ್ಕದಲ್ಲಿ ತಾರೀಖು, ಕಳೆದ ವರ್ಷದ ಚೌತಿಯ ಹಿಂದಿನ ದಿನ.
ಆಗಿನ್ನೂ ಮೌಲಾಲಿ ಕೆಲಸಕ್ಕೇ ಸೇರಿರಲಿಲ್ಲ.
ಹೊರಗೆ ಹದಿನಾಲ್ಕು ಜನರ ಸಾಲು,
ಊರಿಗೆ ಹೋಗುವ ಟಿಕೆಟ್ಟಿನ ಗದ್ದಲ,
ಮುಂದೆ, ಮುಂದೆ, ಒಪ್ಪಿದೆ, ಮುಂದೆ...
ಓದದೆ ಒತ್ತಿದ ಬೆರಳು
ಈಗ ಮೌಸಿನ ಮೇಲೆ ಕೂತಿರುವ ಇದೇ ಬೆರಳು.

ಹುಡುಗನಿಗೆ ಏನೂ ಹೇಳಲಿಲ್ಲ.
ಚಹಾ ತರಿಸಿದೆ, ಅವನಿಗೂ. ಜೊತೆಗೊಂದು ಬನ್ನು.

ಅದನ್ನು ಕಿತ್ತು, ಯಂತ್ರವನ್ನು ಮಲಗಿಸಿ ಎಬ್ಬಿಸಿ,
ಹುಡುಕುವ ಪುಟವನ್ನು ಹಳೆಯ ಜಾಗಕ್ಕೆ ತಂದು,
ಪಾಸ್‌ವರ್ಡುಗಳನ್ನೆಲ್ಲ ಬದಲಿಸುವಷ್ಟರಲ್ಲಿ
ಕೊನೆಯ ಕದಂಬ ಬಸ್ಸು ಹೋಯಿತು.
ರೇಟು ಪಟ್ಟಿಯ ಕೆಳಗೆ ಮೌಲಾಲಿ ಸ್ಕೆಚ್ಚಿನಲ್ಲಿ ಬರೆದ:
ಬೇಕಾದ್ದು ಬಿಟ್ಟು ಬ್ಯಾರೆ ಹಾಕಬಾರದು.
ಏನೇನ್ ಕೇಳತೈತಿ ಓದಬೇಕು.
ಬುಡದಾಗಿನ ಟಿಕ್ ತಗೀಬೇಕು.

ಬುಧವಾರ ಮತ್ತೆ ರೆಹಮತ್‌ಬಿ.
ಈ ಸಲ ವಿಳಾಸವನ್ನು ಅಕ್ಷರ ಅಕ್ಷರ ನಾನೇ ಬಡಿದೆ,
ಕೊನೆಯ ಚುಕ್ಕೆಯ ಆಚೆ ಏನಿದೆ ಎಂದು ಎರಡು ಸಲ ನೋಡಿದೆ.
ಅರ್ಜಿ ಹೋಯಿತು, ಸಂಖ್ಯೆ ಬಂತು.
"ಎಷ್ಟಾತು?"
"ಸರಕಾರಕ್ಕ ಏನಿಲ್ಲ. ಪ್ರಿಂಟಿಗೆ ಹತ್ತು ಕೊಡು."
ಅವಳು ಹಾಳೆಯನ್ನು ಬೆಳಕಿಗೆ ಹಿಡಿದಳು,
ಸಿಂಹದ ಮುದ್ರೆಯ ಮೇಲೆ ಹೆಬ್ಬೆರಳು ಒರೆಸಿದಳು.
"ಪುಕ್ಕಟನಾ?" ಅಂದಳು,
ಹಾಳೆ ಮಡಚದೆ ನಿಂತಳು
ವಿಮಾನ ಹಾದು, ಶಟರ್ ಸುಮ್ಮನಾಗುವ ತನಕ.