ಮುಖ ಯಾವ ಕಡೆ

ಮೊದಲ ಪಾಠ: ತಿನ್ನಬಾರದು.
ಟಿಳಕವಾಡಿಯ ಮೂರನೇ ಮಹಡಿ, ಹನ್ನೊಂದು ಜನ.
ನಿಪ್ಪಾಣಿಯ ಬೇಕರಿಯವಳು, ಗೋಕಾಕದ ಕರದಂಟಿನ ಹುಡುಗ,
ಹಿರಿಯೂರಿನಿಂದ ರಾತ್ರಿ ಬಸ್ಸು ಹಿಡಿದು ಬಂದ ನಾನು.
ಕೊರಳಿಗೆ ತಮ್ಮನ ಕ್ಯಾಮೆರಾ, ಚೀಲದಲ್ಲಿ
ನಾನೇ ಕುಟ್ಟಿದ ಹುರುಳಿ ಚಟ್ನಿಪುಡಿ.
ಪೊಟ್ಟಣಕ್ಕೊಂದು ಚಿತ್ರ ಬೇಕಿತ್ತು, ಅದಕ್ಕೇ ಬಂದದ್ದು.

ಕಾಗಲ್ಕರ್ ಸರ್ ಕುಂದಾಕ್ಕೆ ಕುಂಚದಲ್ಲಿ ಎಣ್ಣೆ ಬಳಿದರು.
ಸಾರಿನ ಬಟ್ಟಲ ಹಿಂದೆ ಬಿಸಿನೀರಲ್ಲದ್ದಿದ ಹತ್ತಿ ಬಚ್ಚಿಟ್ಟರು,
ಯಾವಾಗಲೋ ಆರಿದ ಸಾರು ಹಬೆಯಾಡಿತು.
ಕೊತ್ತಂಬರಿಗೆ ಗ್ಲಿಸರಿನ್ ಹನಿ,
ಸಂಜೆಯವರೆಗೂ ಆರುವುದಿಲ್ಲವಂತೆ.
ಮಾವ ತೀರಿಕೊಂಡಾಗ ಬಂದ ದಾಯಾದಿಯೊಬ್ಬರು ನೆನಪಾದರು.
ಎರಡನೇ ಗೇಟಿನಲ್ಲಿ ರೈಲು ಹೋಗಿ ಮೇಜು ನಡುಗಿ
ಒಂದು ಹನಿ ಜಾರಿತು. ಮತ್ತೆ ಹಚ್ಚಿದರು.

"ಪ್ರತಿ ತಿನಿಸಿಗೂ ಒಂದು ಮುಖ ಇರ್ತದ, ಹುಡುಕ್ರಿ."
ಹುಡುಕಿದೆವು, ಹೆಣ್ಣು ನೋಡಲು ಬಂದವರ ಮುಂದೆ
ಗಲ್ಲ ಹಿಡಿದು ತಿರುಗಿಸುವ ಹಾಗೆ
ತಟ್ಟೆ ತಿರುಗಿಸಿದೆವು.
ಕೈ ಎತ್ತಿ ಕೇಳಿದೆ: ಮುದ್ದೆಗೆ, ಸರ್?
ಅದಕ್ಕೆ ಹಿಂದಿಲ್ಲ ಮುಂದಿಲ್ಲ,
ಎತ್ತಲಿಂದ ನೋಡಿದರೂ ಬೆನ್ನೇ.
ಎಲ್ಲರೂ ನಕ್ಕರು. ಸರ್ ನಗಲಿಲ್ಲ. ಗಡ್ಡ ತುರಿಸಿಕೊಂಡು,
"ಮುರೀರಿ" ಎಂದರು ಕೊನೆಗೆ, "ಮುರಿದಲ್ಲಿ ಮುಖ."
ಕೊಟ್ಟ ಫೀಸು ಅಲ್ಲಿಗೇ ಸಂದಿತು ನನಗೆ.

ಬೆಳಕು ಎಡದಿಂದ ಬರಬೇಕು, ಮಲ್ಲು ಬಟ್ಟೆಯಲ್ಲಿ ಸೋಸಿ.
ನಮ್ಮನೆಯ ಅಡುಗೆಕೋಣೆಗೆ ಇದ್ದದ್ದು ಒಂದೇ ಗಾಜಿನ ಹೆಂಚು.
ಹನ್ನೊಂದರ ಬಿಸಿಲು ಕೋಲಾಗಿ ಇಳಿದಾಗ
ಅವ್ವ ಮೊರ ತಂದು ಅದರಡಿ ಕೂರುವಳು,
ಕೋಲು ಸರಿದಂತೆ ಮೊರ, ಮೊರ ಸರಿದಂತೆ ಅವ್ವ,
ಹೀಗೆ ಒಲೆಯ ತನಕ.
ಬೆಳಕು ಇದ್ದದ್ದು ಅಕ್ಕಿಯ ಕಲ್ಲು ಆರಿಸಲಿಕ್ಕೆ.
ಅಂದಕ್ಕೂ ಆಗುತ್ತದೆಂದು ನಲವತ್ಮೂರಕ್ಕೆ ಕಲಿತೆ.

ಎಣ್ಣೆಗಾಯಿ ತಂದವಳು ಸಾಂಬ್ರಾದ ಬಾಳವ್ವ.
ಅರೆ ಬೇಯಿಸು, ಬಣ್ಣ ಉಳಿಯಲಿ,
ಉಪ್ಪು ಬೇಡ, ನೀರು ಬಿಡುತ್ತದೆ
ಎಂದಿದ್ದರಂತೆ ಇವರು. ಹಾಗೇ ಮಾಡಿ ತಂದು
ಗೋಡೆಗೊರಗಿ ನಿಂತಿದ್ದಳು, ಡಬ್ಬಿ ವಾಪಸು ಬೇಕು:
"ನಾಕೂವರಿ ಬಸ್ ಐತ್ರಿ ನಂದು."

ನಾಲ್ಕುನೂರ ಹನ್ನೆರಡು ಚಿತ್ರ ತೆಗೆದೆ.
ಲ್ಯಾಪ್‌ಟಾಪಿನಲ್ಲಿ ಹಿಗ್ಗಿಸಿ ನೋಡಿದರೆ
ಬದನೆಯ ಪಕ್ಕದ ಚಮಚೆಯ ಗುಳಿಯಲ್ಲಿ
ತಲೆಕೆಳಗಾದ ಕಿಟಕಿ, ತಲೆಕೆಳಗಾದ ನಾನು,
ನನ್ನ ಹಿಂದೆ, ಜೀರಿಗೆಯಷ್ಟು, ಬಾಳವ್ವ,
ಸೆರಗಲ್ಲಿ ಕತ್ತು ಒರೆಸಿಕೊಳ್ಳುತ್ತ.
"ಅಳಿಸ್ರಿ, ಚಮಚೆ ಸ್ವಚ್ಛ ಇರಬೇಕು."
ನನ್ನನ್ನು ಅಳಿಸಿಕೊಂಡೆ. ಸುಲಭವಿತ್ತು.
ಬಾಣದ ಗುರುತನ್ನು ಅವಳ ಮೇಲೆ ತಂದೆ,
ಅಷ್ಟರಲ್ಲಿ ಮನೆಯಿಂದ ಫೋನು: ಊಟಕ್ಕೆ ಏನಿತ್ತು?
ಎದುರಿಗೆ ನಾಲ್ಕುನೂರ ಹನ್ನೆರಡು ತಟ್ಟೆ.
ಇನ್ನೂ ಆಗಿಲ್ಲ ಎಂದೆ.

ಮೆಟ್ಟಿಲ ಮೇಲೆ ಅವಳು ತನ್ನ ಬುತ್ತಿ ಬಿಚ್ಚಿದ್ದಳು.
ಕೇಳುವ ಮೊದಲೇ ಅರ್ಧ ರೊಟ್ಟಿ ಈ ಕಡೆ ಬಂತು.
ಚಿತ್ರಕ್ಕೆಂದು ತಂದ ಪೊಟ್ಟಣ ಹಲ್ಲಲ್ಲಿ ಕಚ್ಚಿ ಹರಿದೆ.
ಕ್ಯಾಮೆರಾದ ಹಿಂಬದಿಯಲ್ಲಿ ಚಮಚೆ ತೋರಿಸಿದೆ.
"ಅಯ್ಯ, ನನ್ನ ತಲಿ ಕೆಳಗ ಮಾಡೀರಲ್ರೀ!"
ನಕ್ಕು, ಪುಡಿ ನೆತ್ತಿಗೇರಿ ಕೆಮ್ಮಿದಳು.
ಆಮೇಲೆ ಚಿತ್ರವನ್ನೇ ನೋಡುತ್ತ,
"ಛಲೋ ಬಂದಾವು ಬದ್ನಿಕಾಯಿ. ಯಾರು ತಿಂತಾರ ಇವನ್ನ?"
ಗೊತ್ತಿಲ್ಲ ಅಂದೆ.
ಮತ್ತೊಂದು ತುತ್ತಿಗೆ ಪುಡಿ ಒತ್ತಿಕೊಂಡು
ಕಣ್ಣು ಮುಚ್ಚಿ, ನಿಧಾನ,
ಪಂಚಾಯ್ತಿ ಕಟ್ಟೆಯ ಮೇಲೆ ಕೂತವಳಂತೆ ಅಗಿದಳು.
"ಉಪ್ಪು ಒಂದ್ ಹಳ್ಳು ಹೆಚ್ಚಾಗೈತ್ರಿ."

ನಾಕೂವರಿ ಬಸ್ಸು ಹೋಗಿ ಆಗಲೇ ಕಾಲು ಗಂಟೆ.