ಮೊಹರು

ಬಂದರಿನ ಧಕ್ಕೆಯಿಂದ ಎಂಟೂಕಾಲರ ಫೆರಿ.
ಬೆಂಗ್ರೆ ಮುಟ್ಟುವಷ್ಟರಲ್ಲಿ ಯಾರದೋ ಮೀನಬುಟ್ಟಿಯ ನೀರು
ನನ್ನ ಬಿಳಿ ಸಮವಸ್ತ್ರಕ್ಕೊಂದು ಅಂಚು ಹೊಲಿದಿರುತ್ತದೆ.
ಬೀಗ ತೆಗೆದು, ರಾತ್ರಿ ಒಳಗೆ ಬಂದ ಮರಳು ಗುಡಿಸಿ
(ಇಲ್ಲಿ ಮರಳೂ ದಿನಾ ಮದ್ದಿಗೆ ಬರುತ್ತದೆ)
ಮೊದಲ ಕೆಲಸ:
ಇಂಕ್ ಪ್ಯಾಡಿಗೆ ಎರಡು ತೊಟ್ಟು ನೀರು,
ಹಳೇ ರಟ್ಟಿನ ಮೇಲೆ ಮೊಹರನ್ನೊಮ್ಮೆ ಒತ್ತಿ ನೋಡುವುದು.

ಹುತಾತ್ಮ ನಾಯಕ್ ಲೋಹಿತಾಕ್ಷ ತಿಂಗಳಾಯ
ಸ್ಮಾರಕ ಚಿಕಿತ್ಸಾಲಯ, ತೋಟ ಬೆಂಗ್ರೆ

'ಕ್ಷ'ದ ಹೊಟ್ಟೆಯಲ್ಲಿ ಶಾಯಿ ಕಟ್ಟುತ್ತದೆ,
ಗುಂಡುಸೂಜಿಯಲ್ಲಿ ಕೆರೆದು ತೆಗೆಯಬೇಕು.

ಅವನನ್ನು ನಾನು ಕಂಡವಳಲ್ಲ.
ದಿನಕ್ಕೆ ಎಂಬತ್ತು ಸಲ ಅವನ ಹೆಸರನ್ನು
ಕೆಮ್ಮಿನ ಮೇಲೆ, ಕಜ್ಜಿಯ ಮೇಲೆ,
ಬಸುರಿಯರ ಕಬ್ಬಿಣದ ಮಾತ್ರೆಯ ಲೆಕ್ಕದ ಮೇಲೆ
ಗುದ್ದುತ್ತೇನೆ, ಅಷ್ಟೆ.

ಉದ್ಘಾಟನೆಯ ದಿನ ಶಾಮಿಯಾನಕ್ಕೆ ಗಾಳಿ ನುಗ್ಗಿ
ಬ್ಯಾನರಿನಲ್ಲಿ ಅವನ ಕೆನ್ನೆ ಉಬ್ಬಿತು, ತಗ್ಗಿತು.
'ಶೂರ' ಎಂಬ ಮಾತು ಹತ್ತೊಂಬತ್ತು ಸಲ.
ಎಣಿಸಿದ್ದು ಕಂಪೌಂಡರ್ ವಲೇರಿಯನ್,
ಮಾತ್ರೆ ಎಣಿಸಿ ಎಣಿಸಿ ಬಂದ ಚಟ.
ಕೊಂದ ವೈರಿಗಳ ಸಂಖ್ಯೆಯನ್ನೂ ಒಬ್ಬರು ಕೊಟ್ಟರು.
ಹತ್ತಿ, ಕತ್ತರಿ, ಬಿಗಿಪಟ್ಟಿ ಹೊತ್ತವನು ಎಂದು
ಯಾರೂ ಹೇಳಲಿಲ್ಲ.

ಕೊನೆಗೆ, ಆಮಂತ್ರಣದಲ್ಲಿ ಹೆಸರಿಲ್ಲದ ಒಬ್ಬ
ಊರುಗೋಲೂರಿ ಎದ್ದ. ಬಿಹಾರದ ಕಡೆಯವನು.
"ಮೇಲೆ ಸಲೈನ್ ಬಾಟ್ಲಿ ಕಲ್ಲಾಗುತ್ತದೆ.
ಅವನು ಎರಡನ್ನು ಅಂಗಿಯೊಳಗೆ, ಕಂಕುಳಲ್ಲಿ
ಇಟ್ಟುಕೊಂಡೇ ಮಲಗುತ್ತಿದ್ದ; ಕಾವು ಕೊಡುತ್ತಿದ್ದಾನೆಂದು ನಗುತ್ತಿದ್ದೆವು.
ಆ ದಿನ ನನ್ನ ತನಕ ತೆವಳಿ ಬಂದ.
ಒಂದನ್ನು ನನಗೆ ಏರಿಸಿದ.
ಇನ್ನೊಂದು, ಅವನನ್ನು ಹೊರಳಿಸಿದಾಗ,
ಇನ್ನೂ ಬೆಚ್ಚಗಿತ್ತು."
ಮೈಕಿನವ ಆಗಲೇ ತಂತಿ ಸುತ್ತತೊಡಗಿದ್ದ.

ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ವಾರಿಜಕ್ಕ.
ಹಿಂದಿ ಬಾರದು. ನನ್ನ ಮೊಣಕೈ ಹಿಡಿದು,
"ಎಂತ ಹೇಳಿದ ಸಿಸ್ಟ್ರೇ, ಆ ಹುಡುಗ?"
ನನ್ನ ಹಿಂದಿ ಟಿವಿಯದ್ದು. ಅದೂ ಆಗ ಗಂಟಲಲ್ಲೇ ನಿಂತು
ನಾಲಗೆಗೆ ಸಿಕ್ಕಿದ್ದು ಕೊನೆಯದೊಂದು ಪದ.
"ಬೆಚ್ಚಗಿದ್ದನಂತೆ ಅಕ್ಕ."
"ಹೌದಾ?
ಹಾಗಾದರೆ ಸ್ವೆಟರು ಹಾಕಿದ್ದಾನೆ.
ತುರಿಸ್ತದೆ, ಬೇಡ ಅಂತ ನನ್ನ ಹತ್ತಿರ ಜಗಳ ಮಾಡಿದ್ದ."

ತಿದ್ದಬೇಕಿತ್ತು.
ಮೂರು ವರ್ಷವಾಯಿತು.

ಮೊನ್ನೆ ಚೆರಿಯಬ್ಬನ ಪಾದಕ್ಕೆ ತೊರಕೆಯ ಮುಳ್ಳು.
ಬಕೆಟ್ಟಿಗೆ ಬಿಸಿನೀರು ಸುರಿದು ಕಾಲು ಇಳಿಸಿದರೆ
ಅಷ್ಟು ನೋವಲ್ಲೂ ಮುದುಕನಿಗೆ ನಗು:
"ಇದನ್ನು ಲೋಯಿ ನನಗೆ ಹಿಂದೆಯೇ ಮಾಡಿದ್ದಾನೆ, ಸಿಸ್ಟ್ರೇ.
ಹನ್ನೊಂದು ವರ್ಷದ ಪೋರ. ದೊಡ್ಡವರು ಕೊಯ್ಯಿರಿ, ಸುಡಿರಿ ಎನ್ನುವಾಗ
ಅವನು ಅಜ್ಜಿಯ ಗಂಜಿ ಪಾತ್ರೆಯನ್ನೇ ಹೊತ್ತು ತಂದು
ನನ್ನ ಕಾಲನ್ನು ಅದರೊಳಗೆ ತುರುಕಿದ.
ಆ ದಿನ ಅವರ ಮನೆಯಲ್ಲಿ ಯಾರಿಗೂ ಊಟವಿಲ್ಲ,
ಅವನಿಗೆ ಪೆಟ್ಟು."
ಹೋಗುವಾಗ ಹೆಂಡತಿಗೆ ಫೋನಿನಲ್ಲಿ ಹೇಳಿದ:
"ಲೋಯಿಯಲ್ಲಿದ್ದೇನೆ. ಈಗ ಬಂದೆ."

ಬೋರ್ಡಿನ ಉದ್ದ ಹೆಸರು ಇಲ್ಲಿ ಯಾರ ಬಾಯಲ್ಲೂ ಇಲ್ಲ.

ಮಂಗಳವಾರ ವಾರಿಜಕ್ಕನ ದಿನ.
ಬಿ.ಪಿ. ನೂರಿಪ್ಪತ್ತು, ಎಂಬತ್ತು. ಪ್ರತಿ ವಾರವೂ ಅಷ್ಟೇ.
ಆದರೂ ಚೀಟಿ ಬೇಕು.
ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು
ಬಟ್ಟೆಯಂಗಡಿಯಲ್ಲಿ ಅಂಚು ನೋಡುವವಳಂತೆ ನೋಡುತ್ತಾಳೆ.
"ಶಾಯಿ ಹರಡಿದೆ. ಬೇರೆ ಕೊಡು."
ಕೊಡುತ್ತೇನೆ.
"ಇದರಲ್ಲಿ ತಿಂಗಳಾಯದ ಕೊಂಬು ಬಂದಿಲ್ಲ."

ಇಂದು ಪ್ಯಾಡು ಪೂರ್ತಿ ಒಣಗಿತ್ತು,
ಹೊಸದು ಬರಲು ಜಿಲ್ಲಾ ಕಚೇರಿಯ ಸಹಿಯಾಗಬೇಕು.
ಸರತಿಯಲ್ಲಿ ಇಪ್ಪತ್ತು ಮಂದಿ, ಒಂದು ಅಳುವ ಮಗು.
ಮೊಹರನ್ನು ಬಾಯಿಯ ಹತ್ತಿರ ತಂದು
ಅವನ ತಿರುಗುಮುರುಗಾದ ಹೆಸರಿನ ಮೇಲೆ
ಹಾ ಎಂದು ಉಸಿರು ಬಿಟ್ಟು
ಒತ್ತಿದೆ.

ಕಾಲುಕೊಂಬು ಸಮೇತ ಬಂತು.
ವಾರಿಜಕ್ಕ ಮಡಚದೆ ಹಾಗೇ
ರವಿಕೆಯೊಳಗೆ ಇಟ್ಟುಕೊಂಡು
ಹನ್ನೊಂದರ ಫೆರಿಗೆ ಹೊರಟಳು.